ಖಡಕ್ ರೊಟ್ಟಿಯ ಡಬ್ಬಿ ನಿಲ್ಲುವ ಗಾಡಿ: ಮೂರು ಎಲೆಕ್ಟ್ರಿಕ್ ಎಸ್‌ಯುವಿಗಳ ಹೋಲಿಕೆ

ಎಲೆಕ್ಟ್ರಿಕ್ ಗಾಡಿ ಕೊಳ್ಳುತ್ತೇನೆ ಎಂದರೆ ಸಾಕು, ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಮನೆಯವರು ಕೇಳಿದ್ದು ಬೇರೆ: ಸಾಮಾನು ಹಿಡಿಯುತ್ತದೆಯೇ? ನಾವು ಐದು ಜನ. ನಾವಿಬ್ಬರು, ಇಬ್ಬರು ಮಕ್ಕಳು, ಮೊಣಕಾಲು ನೋವಿನ ಅವ್ವ. ಕಲಬುರಗಿಯಿಂದ ಹೈದರಾಬಾದಿನ ತಂಗಿಯ ಮನೆಗೆ ಹೊರಟರೆ ಬಟ್ಟೆಯ ಸೂಟ್‌ಕೇಸ್‌ಗಳ ಜೊತೆಗೆ ಇಪ್ಪತ್ತೈದು ಕಿಲೋ ತೊಗರಿ ಬೇಳೆಯ ಚೀಲ, ಖಡಕ್ ರೊಟ್ಟಿಯ ಎತ್ತರದ ಸ್ಟೀಲ್ ಡಬ್ಬಿ, ಶೇಂಗಾ ಹಿಂಡಿ, ಅವ್ವನ ವಾಕರ್ ಎಲ್ಲವೂ ಹೊರಡುತ್ತವೆ. ದಾರಿಯಲ್ಲಿ ಕಮಲಾಪುರ ಬಂದರೆ ಒಂದು ಗೊನೆ ಕೆಂಬಾಳೆ ಕೊಳ್ಳದೆ ಗಾಡಿ ಮುಂದೆ ಸಾಗುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗುವಾಗ ಭಜ್ಜಿಯ ಪಾತ್ರೆ, ಅಂಬಲಿಯ ಗಡಿಗೆ ಚೆಲ್ಲದಂತೆ ನಿಲ್ಲಬೇಕು.

ನಮ್ಮ ಹಣಕ್ಕೆ ನಿಲುಕುವವು ಮೂರು ಗಾಡಿಗಳು: ಟಾಟಾ ಕರ್ವ್ ಇವಿಯ 55 ಕಿಲೋವ್ಯಾಟ್ ಅವರ್ ಬ್ಯಾಟರಿಯ ಮಾದರಿ, ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್‌ನ 51.4ರ ಮಾದರಿ, ಎಂಜಿ ವಿಂಡ್ಸರ್ ಪ್ರೊದ 52.9ರ ಮಾದರಿ. ವಿಂಡ್ಸರ್ ಅನ್ನು ಅದರ ಕಂಪನಿಯೇ ಎಸ್‌ಯುವಿ ಎಂದು ಕರೆಯುವುದಿಲ್ಲ, ಸಿಯುವಿ, ಅಂದರೆ ಕ್ರಾಸ್‌ಓವರ್ ಗಾಡಿ, ಎನ್ನುತ್ತದೆ. ಸಾಮಾನಿಗೆ ಆ ಭೇದ ತಿಳಿಯದು. ನೆಂಟರಿಂದ, ಗೆಳೆಯರಿಂದ, ಷೋರೂಮಿನಿಂದ ಪಡೆದು ಮೂರನ್ನೂ ಓಡಿಸಿದೆವು. ಮೂರಕ್ಕೂ ಹೇರಿದ್ದು ಒಂದೇ ಸಾಮಾನು.

ಕಾಗದದ ಮೇಲೆ ಡಿಕ್ಕಿಯ ಅಳತೆ ಹೀಗಿದೆ: ಕರ್ವ್ 500 ಲೀಟರ್, ಕ್ರೆಟಾ 433, ವಿಂಡ್ಸರ್ ಪ್ರೊ 579. ಚಿಕ್ಕ ಬ್ಯಾಟರಿಯ ವಿಂಡ್ಸರ್‌ನಲ್ಲಿ 604 ಇತ್ತು. ಬ್ಯಾಟರಿ ದೊಡ್ಡದಾದಾಗ ಅಷ್ಟು ಜಾಗ ಹೋಯಿತು. ಆದರೆ ಲೀಟರ್ ಲೆಕ್ಕ ಡಿಕ್ಕಿಯ ಆಕಾರವನ್ನು ಹೇಳುವುದಿಲ್ಲ. ಕೆಲವರು ಹಿಂದಿನ ಸೀಟಿನ ಬೆನ್ನಿನ ಮಟ್ಟದವರೆಗೆ ಅಳೆಯುತ್ತಾರೆ, ಕೆಲವರು ಚಾವಣಿಯವರೆಗೆ. ಕರ್ವ್‌ನ ಹಿಂಬದಿ ಇಳಿಜಾರಾಗಿದೆ. ನೋಡಲು ಚೆಂದ, ಬಾಗಿಲು ಗಾಜಿನ ಸಮೇತ ಮೇಲೇಳುವುದರಿಂದ ಬಾಯಿಯೂ ದೊಡ್ಡದು. ಸೂಟ್‌ಕೇಸ್‌ಗಳನ್ನು ಮಲಗಿಸಿದರೆ ಅಚ್ಚುಕಟ್ಟಾಗಿ ಕೂರುತ್ತವೆ. ರೊಟ್ಟಿಯ ಡಬ್ಬಿಯನ್ನು ಮಾತ್ರ ಮಲಗಿಸುವಂತಿಲ್ಲ; ಮಲಗಿಸಿದರೆ ಹೈದರಾಬಾದಿನಲ್ಲಿ ಸಿಗುವುದು ರೊಟ್ಟಿಯ ಚೂರು. ನಿಲ್ಲಿಸಿದರೆ ಇಳಿಜಾರು ಗಾಜು ಅಡ್ಡ ಬಂದು ಬಾಗಿಲು ಮುಚ್ಚಲಿಲ್ಲ. ಕೊನೆಗೆ ಡಬ್ಬಿ ಮಗಳ ತೊಡೆಯ ಮೇಲೆ ಪ್ರಯಾಣ ಮಾಡಿತು.

ಕ್ರೆಟಾದ ಡಿಕ್ಕಿ ಲೆಕ್ಕದಲ್ಲಿ ಚಿಕ್ಕದು, ಆದರೆ ಹಿಂಬದಿ ನೇರವಾಗಿದೆ, ಡಬ್ಬಿ ನಿಂತಿತು. ಬೇಳೆಯ ಚೀಲವೂ ವಾಕರೂ ಒಳಗೆ ಹೋದ ಮೇಲೆ ಎರಡನೆಯ ಸೂಟ್‌ಕೇಸಿಗೆ ಜಾಗ ಉಳಿಯಲಿಲ್ಲ. ಅದು ಹಿಂದಿನವರ ಕಾಲ ಬುಡಕ್ಕೆ ಬಂತು. ವಿಂಡ್ಸರ್‌ನಲ್ಲಿ ಎಲ್ಲವೂ ಹಿಡಿಯಿತು. ಕಮಲಾಪುರದ ಗೊನೆಯನ್ನು ಸೂಟ್‌ಕೇಸಿನ ಮೇಲಿಟ್ಟರೂ ಹಿಂದಿನ ಗಾಜು ಕಾಣುತ್ತಿತ್ತು. ಒಂದು ಎಚ್ಚರಿಕೆ ಇದೆ. ಇದರ ಹಿಂದಿನ ಸೀಟಿನ ಬೆನ್ನು 135 ಡಿಗ್ರಿಯವರೆಗೆ ವಾಲುತ್ತದೆ, ಜಾಹೀರಾತಿನಲ್ಲಿ ಅದನ್ನೇ ತೋರಿಸುತ್ತಾರೆ. ಬೆನ್ನು ವಾಲಿದಷ್ಟೂ ಡಿಕ್ಕಿ ಕಿರಿದಾಗುತ್ತದೆ. ಪೂರ್ತಿ ಆರಾಮವನ್ನೂ ಪೂರ್ತಿ ಸಾಮಾನನ್ನೂ ಒಟ್ಟಿಗೆ ಕೇಳಬಾರದು.

ಹಿಂದಿನ ಸೀಟಿನ ವಿಷಯದಲ್ಲಿ ಅವ್ವನದೇ ಕೊನೆಯ ಮಾತು. ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿ ನೆಲದ ಕೆಳಗಿರುವುದರಿಂದ ಒಳಗಿನ ನೆಲ ತುಸು ಮೇಲೆ ಬಂದಿರುತ್ತದೆ. ಸೀಟು ಅದಕ್ಕೆ ತಕ್ಕಂತೆ ಎತ್ತರವಿರದಿದ್ದರೆ ಮೊಣಕಾಲು ಮೇಲೆದ್ದು, ತೊಡೆಗೆ ಆಸರೆ ಇಲ್ಲದೆ ಕುಕ್ಕರುಗಾಲಲ್ಲಿ ಕುಳಿತಂತಾಗುತ್ತದೆ. ಕ್ರೆಟಾದಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಹುಮನಾಬಾದ್ ತಲುಪುವ ಮೊದಲೇ ಅವ್ವ ಕಾಲು ಚಾಚಲು ಗಾಡಿ ನಿಲ್ಲಿಸು ಎಂದರು. ಕರ್ವ್‌ನಲ್ಲಿ ತಲೆಗೂ ಮೊಣಕಾಲಿಗೂ ಬಿಗಿ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ ಕರ್ವ್‌ನಲ್ಲಿ 2560 ಮಿಲಿಮೀಟರ್, ಕ್ರೆಟಾದಲ್ಲಿ 2610, ವಿಂಡ್ಸರ್‌ನಲ್ಲಿ 2700. ಉದ್ದದಲ್ಲಿ ಮೂರರಲ್ಲಿ ಚಿಕ್ಕದಾದ ವಿಂಡ್ಸರ್ ಒಳಗೆ ಮಾತ್ರ ದೊಡ್ಡದಾಗಿರಲು ಇದೇ ಕಾರಣ. ಗಾಣಗಾಪುರಕ್ಕೆ ಹೋಗಿ ಬಂದ ದಿನ ಅವ್ವ ಯಾರ ಕೈಯನ್ನೂ ಹಿಡಿಯದೆ ಅದರಿಂದ ಇಳಿದರು. ಆಮೇಲೆ ಮನೆಯಲ್ಲಿ ಚರ್ಚೆ ಹೆಚ್ಚು ನಡೆಯಲಿಲ್ಲ.

ಓಡಿಸುವವನಾಗಿ ನನಗೆ ಇಷ್ಟವಾಗಿದ್ದು ಕ್ರೆಟಾ ಎಂಬುದನ್ನೂ ಹೇಳಬೇಕು. ಸ್ಟಿಯರಿಂಗ್, ಬ್ರೇಕ್, ಒಳಗಿನ ಗುಂಡಿಗಳು ಎಲ್ಲವೂ ಕೈಗೆ ಸರಿಯಾಗಿ ಒದಗುತ್ತವೆ. ವಿಂಡ್ಸರ್‌ನಲ್ಲಿ ಬಹುಪಾಲು ಕೆಲಸಗಳಿಗೆ ಪರದೆಯನ್ನು ಮುಟ್ಟುತ್ತಿರಬೇಕು. ಲಾರಿಗಳ ನಡುವೆ ಓಡಿಸುವಾಗ ಇದು ಕಿರಿಕಿರಿ.

ಕ್ರೆಟಾಕ್ಕೆ ಇನ್ನೊಂದು ಅಂಕವನ್ನೂ ಕೊಡುತ್ತೇನೆ. ಬಾನೆಟ್ಟಿನ ಕೆಳಗೆ ಅದಕ್ಕೆ 22 ಲೀಟರಿನ ಪುಟ್ಟ ಖಾನೆಯಿದೆ. ಏನು ಮಹಾ ಎನ್ನಿಸಬಹುದು. ನೆಂಟರ ಮನೆಯಲ್ಲಿ ರಾತ್ರಿ 15 ಆಂಪಿಯರ್ ಸಾಕೆಟ್‌ನಿಂದ ಚಾರ್ಜ್ ಮಾಡಲು ಗಾಡಿಯ ಜೊತೆ ಬರುವ ಕೇಬಲ್ ಬೇಕು. ಅದು ಡಿಕ್ಕಿಯ ತಳದಲ್ಲಿದ್ದರೆ, ತಂಗಿಯ ಅಪಾರ್ಟ್‌ಮೆಂಟಿನ ಕೆಳಗೆ ರಾತ್ರಿ ಹತ್ತಕ್ಕೆ ಬೇಳೆಯ ಚೀಲದಿಂದ ಹಿಡಿದು ಎಲ್ಲವನ್ನೂ ಇಳಿಸಬೇಕಾಗುತ್ತದೆ. ಕರ್ವ್‌ನಲ್ಲೂ ಮುಂದೆ 11.6 ಲೀಟರಿನ ಜಾಗವಿದೆ. ವಿಂಡ್ಸರ್‌ನಲ್ಲಿ ಇಲ್ಲ. ಅದನ್ನು ಕೊಳ್ಳುವವರು ಕೇಬಲ್ ಚೀಲವನ್ನು ಎಲ್ಲಕ್ಕಿಂತ ಕೊನೆಗೆ, ಬಾಗಿಲ ಪಕ್ಕದಲ್ಲೇ ಇಡುವ ರೂಢಿ ಮಾಡಿಕೊಳ್ಳಬೇಕು.

ಕಿಲೋಮೀಟರ್ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಅದು ನಮ್ಮ ಆಯ್ಕೆಯನ್ನು ನಿರ್ಧರಿಸಲಿಲ್ಲ. ಬಿಡುಗಡೆಯ ಹೊತ್ತಿಗೆ ಕಂಪನಿಗಳು ಹೇಳಿದ್ದು ಕ್ರೆಟಾಕ್ಕೆ 473, ವಿಂಡ್ಸರ್ ಪ್ರೊಗೆ 449. ಐದು ಜನ, ತುಂಬಿದ ಡಿಕ್ಕಿ, ಬೇಸಿಗೆಯ ಎಸಿ, ಹೆದ್ದಾರಿಯ ವೇಗ ಎಲ್ಲ ಸೇರಿದಾಗ ಮೂರೂ ಗಾಡಿಗಳಲ್ಲಿ ಹೇಳಿದ್ದರ ಮುಕ್ಕಾಲು ಪಾಲಿನ ಆಸುಪಾಸಿನಷ್ಟೇ ನಮಗೆ ಸಿಕ್ಕಿದ್ದು. ಹುಮನಾಬಾದ್, ಜಹೀರಾಬಾದ್ ಮಾರ್ಗವಾಗಿ ಹೈದರಾಬಾದ್ ಸುಮಾರು 225 ಕಿಲೋಮೀಟರ್. ಮೂರೂ ನಡುವೆ ಚಾರ್ಜ್ ಕೇಳದೆ ತಲುಪುತ್ತವೆ. ತುಳಜಾಪುರಕ್ಕೆ ಹೋಗಿ ಅದೇ ದಿನ ಮರಳುವುದಾದರೆ ಮಾತ್ರ ಲೆಕ್ಕ ಹಾಕಿ ಹೊರಡಬೇಕು. ಆಪ್‌ನಲ್ಲಿ ಹಸಿರು ತೋರಿಸುತ್ತಿದ್ದ ಒಂದು ಹೆದ್ದಾರಿ ಚಾರ್ಜರ್ ಎದುರು ನಿಂತಾಗ ಸತ್ತುಹೋಗಿತ್ತು. ಆದ್ದರಿಂದ ಒಂದರ ಆಚೆ ಇನ್ನೊಂದನ್ನು ಗುರುತು ಮಾಡಿಟ್ಟುಕೊಳ್ಳಿ. ಡಿಕ್ಕಿ ಸಾಲದಿದ್ದರೆ ಮೇಲೆ ಕ್ಯಾರಿಯರ್ ಹಾಕಿಸಿದರಾಯಿತು ಎನ್ನುವವರೂ ಇದ್ದಾರೆ. ಮೇಲಿನ ಹೊರೆ ಗಾಳಿಯನ್ನು ತಡೆಯುತ್ತದೆ, ವೇಗ ಹೆಚ್ಚಿದಂತೆ ಬ್ಯಾಟರಿಯನ್ನು ನುಂಗುತ್ತದೆ.

ಮಹೀಂದ್ರಾ ಎಕ್ಸ್‌ಇವಿ 9ಇ ಅನ್ನೂ ನೋಡಿದೆವು. 663 ಲೀಟರ್ ಡಿಕ್ಕಿ, ಮುಂದೆ ಇನ್ನೂ 150. ಕೇಬಲ್ ಏನು, ಬೇಳೆಯ ಚೀಲವನ್ನೂ ಬಾನೆಟ್ಟಿನ ಕೆಳಗೆ ಇಡಬಹುದು. ಆದರೆ ಉದ್ದ 4789 ಮಿಲಿಮೀಟರ್. ನಮ್ಮ ಓಣಿಯ ತಿರುವಿನಲ್ಲಿ ಹಾಲಿನವನ ಬೈಕ್ ನಿಂತಿದ್ದರೆ ಮುಗಿಯಿತು. ಬೆಲೆಯೂ ಬೇರೆ ಮಟ್ಟದ್ದು. 25 ಲಕ್ಷ ರೂಪಾಯಿ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ ಕರ್ನಾಟಕ 2024ರಲ್ಲಿ ಶೇಕಡಾ 10ರ ಜೀವಿತಾವಧಿ ತೆರಿಗೆ ಹಾಕಿತು, ಅಂಥ ದುಬಾರಿ ಮಾದರಿಗಳನ್ನು ನೋಡುವವರು ಅದನ್ನೂ ಸೇರಿಸಿಕೊಳ್ಳಬೇಕು.

ನಾವು ವಿಂಡ್ಸರ್ ಪ್ರೊ ಬುಕ್ ಮಾಡಿದೆವು. ಬೇಸರವಿರುವುದು ಅದರ ಗಾಜಿನ ಚಾವಣಿಯ ಬಗ್ಗೆ. ಏಪ್ರಿಲ್, ಮೇ ತಿಂಗಳಲ್ಲಿ ಪಾರಾ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ತಲೆಯ ಮೇಲೆ ಗಾಜು ಯಾರಿಗೆ ಬೇಕಿತ್ತೋ ತಿಳಿಯದು. ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ಬಂದರೆ ಎಸಿಗೆ ಬಹಳ ಹೊತ್ತು ದುಡಿಮೆ. ಬ್ಯಾಟರಿಯನ್ನು ಕಿಲೋಮೀಟರ್ ಲೆಕ್ಕದ ಬಾಡಿಗೆಗೆ ಪಡೆಯುವ ಯೋಜನೆಯನ್ನು ಬೇಡವೆಂದೆವು. ಬಿಡುಗಡೆಯ ಹೊತ್ತಿಗೆ ಪ್ರೊಗೆ ಅದು ಕಿಲೋಮೀಟರಿಗೆ ನಾಲ್ಕೂವರೆ ರೂಪಾಯಿ ಇತ್ತು. ಊರೊಳಗೇ ಓಡಾಡುವವರಿಗೆ ಅದು ಸರಿಹೋಗಬಹುದು. ಹೈದರಾಬಾದಿಗೆ ಪದೇ ಪದೇ ಹೋಗುವವರಿಗೆ ಅದು ಮುಗಿಯದ ಖರ್ಚು.

ಬುಕ್ ಮಾಡುವ ಮೊದಲು ಎರಡು ಕೆಲಸ. ಸ್ಟೆಪ್ನಿ ಇದೆಯೋ, ಪಂಕ್ಚರ್ ಕಿಟ್ ಮಾತ್ರವೋ ಎಂದು ಡಿಕ್ಕಿಯ ತಳವನ್ನು ಎತ್ತಿಸಿ ನೋಡಿ. ಸ್ಟೆಪ್ನಿಯನ್ನು ಆಮೇಲೆ ತಂದು ಇಟ್ಟರೆ ರೊಟ್ಟಿ ಡಬ್ಬಿಯ ಜಾಗಕ್ಕೇ ಕುತ್ತು. ಹಾಗೆಯೇ ಮನೆಯ ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದು ನೋಡಿ. ಮೂರು ಕಿಲೋವ್ಯಾಟ್ ಮಾತ್ರ ಇದ್ದರೆ 7.2 ಕಿಲೋವ್ಯಾಟಿನ ಗೋಡೆಯ ಚಾರ್ಜರ್ ಹಾಕಿಸುವ ಮುನ್ನ ಜೆಸ್ಕಾಂಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಬೇಕು. ಸಾದಾ 15 ಆಂಪಿಯರ್ ಸಾಕೆಟ್‌ನಿಂದ ಖಾಲಿ ಬ್ಯಾಟರಿ ಒಂದು ರಾತ್ರಿಯಲ್ಲಿ ತುಂಬುವುದಿಲ್ಲ, ಹದಿನೈದು ಗಂಟೆಗೂ ಹೆಚ್ಚು ಬೇಕು. ಆದ್ದರಿಂದ ದೂರದ ಊರಿಗೆ ಹೊರಡುವುದಿದ್ದರೆ ಹಿಂದಿನ ದಿನ ಮಧ್ಯಾಹ್ನದ ಊಟ ಮುಗಿಯುತ್ತಲೇ ಗಾಡಿಗೆ ವೈರು ಸಿಕ್ಕಿಸಿ.