ಪಾಳುಗುಡಿಯ ಟೈಲುಗಳಿಗೆ ನಾಲ್ಕು ಸಾಮಗ್ರಿ: ನಾನು ಎಕ್ಸ್‌ಪಿಎಸ್ ಹಾಳೆಗೇ ಮರಳಿದ್ದೇಕೆ

ಮೇಜಿನ ಮೇಲೆ ಮಿನಿಯೇಚರ್‌ಗಳನ್ನು, ಅಂದರೆ ಪುಟ್ಟ ಗೊಂಬೆಗಳನ್ನಿಟ್ಟು ಆಡುವ ಆಟಗಳಿಗಾಗಿ, ಕಾಡು ನುಂಗಿದ ಪಾಳುಗುಡಿಯೊಂದನ್ನು ಬಿಡಿಸಿ ಜೋಡಿಸಬಹುದಾದ ಟೈಲುಗಳಾಗಿ ಮನೆಯಲ್ಲೇ ಕಟ್ಟಬೇಕೆಂದು ಹೊರಟ ನಾನು, ಕಳೆದ ಒಂದೂವರೆ ವರ್ಷದಲ್ಲಿ ಥರ್ಮಾಕೋಲ್, ಪ್ಲಾಸ್ಟರ್ ಆಫ್ ಪ್ಯಾರಿಸ್, ತ್ರೀಡಿ ಪ್ರಿಂಟ್ ಮತ್ತು ಎಕ್ಸ್‌ಪಿಎಸ್ ಎಂಬ ನಾಲ್ಕು ಸಾಮಗ್ರಿಗಳನ್ನೂ ಕೈಯಾರೆ ಬಳಸಿ ನೋಡಿದ್ದೇನೆ. ಇವುಗಳಲ್ಲಿ ನನಗೆ ಒಗ್ಗಿದ್ದು ಎಕ್ಸ್‌ಪಿಎಸ್. ತಾರಸಿಯ ಕಾವು ತಡೆಯಲು ಕಟ್ಟಡದವರು ಹಾಸುವ ಬಿಗಿಯಾದ, ಕಣವಿಲ್ಲದ ಫೋಮ್ ಹಾಳೆ ಅದು. ಈ ಹೋಲಿಕೆಯನ್ನು ಬರೆಯಲು ಕಾರಣವಾದದ್ದು ಮಾತ್ರ ತ್ರೀಡಿ ಪ್ರಿಂಟ್. ನಗರದ ಒಂದು ಪ್ರಿಂಟಿಂಗ್ ಅಂಗಡಿಗೆ ಗ್ರಾಂಗೆ 7 ರೂಪಾಯಿಯಂತೆ 720 ಗ್ರಾಂ ತೂಕದ ನಾಲ್ಕು ತುಂಡುಗಳಿಗಾಗಿ 5,040 ರೂಪಾಯಿ ಕೊಟ್ಟು ತಂದ ಮೇಲೆ, ಅವು ನನ್ನ ಉಳಿದ ಟೈಲುಗಳ ಪಕ್ಕದಲ್ಲಿ ಕೂರುವುದೇ ಇಲ್ಲವೆಂದು ತಿಳಿದಾಗ, ಇದೇ ದಾರಿಯಲ್ಲಿರುವ ಬೇರೆಯವರಿಗೆ ಈ ಹಣವಾದರೂ ಉಳಿಯಲಿ ಎನಿಸಿತು.

ನನ್ನ ಕಣ್ಣ ಮುಂದಿದ್ದ ಮಾದರಿಗಳು ಎರಡು. ಒಂದು, ಶರಾವತಿಯ ದಂಡೆಯ ಕಾಡಿನೊಳಗಿರುವ ಗೇರುಸೊಪ್ಪೆಯ ಚತುರ್ಮುಖ ಬಸದಿ; ಇನ್ನೊಂದು, ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದ ಪಾಚಿಗಟ್ಟಿದ ಕೋಟೆಗೋಡೆಗಳು. ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲುಗಳಿರುವುದರಿಂದ ಅದರ ವಿನ್ಯಾಸವನ್ನು ಟೈಲಿಗೆ ಇಳಿಸಿದರೆ ಯಾವ ಕಡೆ ತಿರುಗಿಸಿಟ್ಟರೂ ದಾರಿ ಮುಂದಿನ ಟೈಲಿಗೆ ಸೇರುತ್ತದೆ. ಜೋಡಿಸಿ ಆಡುವ ನೆಲಕ್ಕೆ ಇದಕ್ಕಿಂತ ಒಳ್ಳೆಯ ನಕ್ಷೆ ನನಗೆ ಸಿಕ್ಕಿಲ್ಲ. ನಮ್ಮ ಆಟದಲ್ಲಿ ಮೇಜಿನ ಒಂದು ಇಂಚು ಐದು ಅಡಿಗೆ ಸಮ. ಅಂದರೆ ಎರಡು ಅಡಿ ಉದ್ದದ ಕಲ್ಲು ಟೈಲಿನ ಮೇಲೆ ಹತ್ತು ಮಿಲಿಮೀಟರ್ ಆಗುತ್ತದೆ. ಇಷ್ಟು ಚಿಕ್ಕ ಕಲ್ಲಿನ ಅಂಚನ್ನು, ಅದರ ಸವೆತವನ್ನು, ಗಾರೆಯಿಲ್ಲದೆ ಕೂಡಿಸಿದ ಸಂದನ್ನು ತೋರಿಸಬಲ್ಲ ಸಾಮಗ್ರಿ ಬೇಕಿತ್ತು.

ಥರ್ಮಾಕೋಲ್ ಇದಕ್ಕೆ ಆಗುವುದಿಲ್ಲ. ಗಣೇಶನ ಮಂಟಪಕ್ಕೂ ಗೊಂಬೆ ಹಬ್ಬದ ಮೆಟ್ಟಿಲುಗಳಿಗೂ ಅದನ್ನು ಕತ್ತರಿಸಿ ಬೆಳೆದವರು ನಾವು, ಆದ್ದರಿಂದ ನಾನು ಶುರು ಮಾಡಿದ್ದೂ ಅದರಿಂದಲೇ. ಆದರೆ ಅದು ಉಬ್ಬಿದ ಮುತ್ತುಗಳನ್ನು ಒತ್ತಿ ಮಾಡಿದ ಹಾಳೆಯಾದ್ದರಿಂದ, ಚಾಕು ಆಡಿಸಿದಲ್ಲೆಲ್ಲ ಮುತ್ತು ಉದುರಿ ಕಲ್ಲಿನ ಮೂಲೆ ಹಲ್ಲುಹಲ್ಲಾಗುತ್ತದೆ. ಬಣ್ಣ ಬಳಿದ ಮೇಲೂ ಆ ಗುಂಡುಗುಂಡಾದ ಕುರುಹು ಮಾಸುವುದಿಲ್ಲ. ಕಾಗದದ ಮುದ್ದೆಯನ್ನು ಮೆತ್ತಿ ಮುಚ್ಚುವುದಾದರೆ ಗುಡ್ಡ, ಮಣ್ಣಿನ ದಿಬ್ಬಗಳಿಗೆ ಅದು ಇಂದಿಗೂ ಅಗ್ಗದ ಒಳಗಟ್ಟು.

ಪ್ಲಾಸ್ಟರ್‌ನ ವಿಷಯ ಬೇರೆ. ಸಿಲಿಕೋನ್ ಅಚ್ಚಿನಿಂದ ತೆಗೆದ ಪ್ಲಾಸ್ಟರ್ ಕಲ್ಲು ನಾಲ್ಕರಲ್ಲೂ ಅತಿ ಸುಂದರವಾದದ್ದು. ಮುರಿದರೆ ಮುರಿದ ಕಲ್ಲಿನಂತೆಯೇ ಕಾಣುತ್ತದೆ, ನೀರುಬಣ್ಣವನ್ನು ಹೀರಿಕೊಂಡು ಹಳೆಯ ಗೋಡೆಯಂತೆ ಕಲೆಗಟ್ಟುತ್ತದೆ. ತೂಕದ ಕಾರಣಕ್ಕೆ ಮಾತ್ರ ನಾನದನ್ನು ಬಿಟ್ಟೆ. 300 ಮಿಲಿಮೀಟರ್ ಚೌಕದ, 25 ಮಿಲಿಮೀಟರ್ ದಪ್ಪದ ಒಂದು ಟೈಲು ಪೂರ್ತಿ ಪ್ಲಾಸ್ಟರ್‌ನದಾದರೆ ಸುಮಾರು ಎರಡೂವರೆ ಕಿಲೋ ತೂಗುತ್ತದೆ, ಅದೇ ಅಳತೆಯ ಎಕ್ಸ್‌ಪಿಎಸ್ ನೂರು ಗ್ರಾಂ ಕೂಡ ಇರುವುದಿಲ್ಲ. ನಾನು ಭಾನುವಾರಗಳಲ್ಲಿ ಜಯನಗರದಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿಳಿದು ಮಲ್ಲೇಶ್ವರದ ಗೆಳೆಯನ ಮನೆಗೆ ಎಂಟು ಟೈಲುಗಳನ್ನು ಹೊತ್ತೊಯ್ಯುವವನು. ಇಪ್ಪತ್ತು ಕಿಲೋ ಪ್ಲಾಸ್ಟರ್ ಹೊತ್ತು ಆ ಮೆಟ್ಟಿಲುಗಳನ್ನು ಹತ್ತಿಳಿಯಲಾಗದು. ಈಗ ಕಂಬದ ಬೋದಿಗೆ, ಬಿದ್ದ ಶಿಲ್ಪದ ತುಂಡು ಮುಂತಾದ ಚಿಕ್ಕ ಅಲಂಕಾರಗಳನ್ನಷ್ಟೇ ಪ್ಲಾಸ್ಟರ್‌ನಲ್ಲಿ ಎರಕ ಹೊಯ್ಯುತ್ತೇನೆ.

ತ್ರೀಡಿ ಪ್ರಿಂಟನ್ನು ನಾನು ಹಗುರವಾಗಿ ತಳ್ಳಿಹಾಕುತ್ತಿಲ್ಲ. ಕೆತ್ತನೆಯ ಕಂಬ, ಜಾಲಂಧ್ರ, ಒಂದೇ ರೂಪದ ಹನ್ನೆರಡು ಮೆಟ್ಟಿಲು ಬೇಕಾದಾಗ ಕೈಗಿಂತ ಯಂತ್ರವೇ ಮೇಲು. ಆದರೆ ಮನೆಬಳಕೆಯ ಸಾಮಾನ್ಯ ಪ್ರಿಂಟರಿನ ತಟ್ಟೆ ಸುಮಾರು 220 ಮಿಲಿಮೀಟರ್ ಚೌಕದ್ದಾದ್ದರಿಂದ ಒಂದು ಅಡಿಯ ಟೈಲನ್ನು ನಾಲ್ಕು ತುಂಡುಗಳಾಗಿ ಒಡೆಯಲೇಬೇಕು. ನನಗೆ ಸಿಕ್ಕ ವಿನ್ಯಾಸದ ಕಡತ ಇಂಚಿನ ಲೆಕ್ಕದ್ದು, ತುಂಡೊಂದಕ್ಕೆ ಆರು ಇಂಚು, ಜೋಡಿಸಿದರೆ 304.8 ಮಿಲಿಮೀಟರ್. ನನ್ನ ಎಕ್ಸ್‌ಪಿಎಸ್ ಟೈಲುಗಳೋ ಮಿಲಿಮೀಟರಿನ ಲೆಕ್ಕದವು, ಬದಿಗೆ 298. ಮೊದಲ ಟೈಲಿನಲ್ಲಿ ಸುಮಾರು ಏಳು ಮಿಲಿಮೀಟರ್ ಇದ್ದ ಈ ವ್ಯತ್ಯಾಸ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಬೆರಳಗಲದ ಬಿರುಕಾಗುತ್ತಿತ್ತು. ಇದು ನನ್ನ ಲೆಕ್ಕದ ತಪ್ಪು. ಆದರೆ ನಾಲ್ಕು ತುಂಡುಗಳಲ್ಲಿ ಎರಡರ ಮೂಲೆಗಳು ಪ್ರಿಂಟ್ ಆಗುವಾಗಲೇ ತಟ್ಟೆಯಿಂದ ಎದ್ದು ಬಾಗಿದ್ದವು, ಅವನ್ನು ಹಾಗೆಯೇ ಕಟ್ಟಿಕೊಟ್ಟ ಅಂಗಡಿಯವರು ಬದಲಿ ಕೊಡಲು ಒಪ್ಪಲಿಲ್ಲ. ಇಂಥ ಪ್ರಿಂಟಿಗೆ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮೆತ್ತಗಾಗುತ್ತದೆ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಅದನ್ನು ಬಿಡುವಂತಿಲ್ಲ.

ಇನ್ನು ಎಕ್ಸ್‌ಪಿಎಸ್. ಬಾಲ್‌ಪೆನ್ನಿನಿಂದ ಗೀರಿದರೆ ಗೀರು ಹಾಗೆಯೇ ನಿಲ್ಲುತ್ತದೆ, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಕಟ್ಟಿ ಒತ್ತಿ ಉರುಳಿಸಿದರೆ ಮಳೆ ತಿಂದ ಕಲ್ಲಿನ ಮೈ ಮೂಡುತ್ತದೆ, ಚೂಪಾದ ಬ್ಲೇಡಿನಿಂದ ಮೂಲೆ ಕೆತ್ತಿದರೆ ಚಕ್ಕೆ ಹಾರಿದ ಕಲ್ಲೇ ಎದುರಿಗಿರುತ್ತದೆ. ಹಾಳೆ 1250ಕ್ಕೆ 600 ಮಿಲಿಮೀಟರ್ ಅಳತೆಯಲ್ಲಿ ಬರುವುದರಿಂದ ಒಂದು ಅಡಿಯ ಟೈಲು ಕತ್ತರಿಸಿದರೆ ನಾಲ್ಕೇ ಸಿಗುತ್ತವೆ. ಏಕೆಂದರೆ ಎರಡು ಅಡಿಗೆ 600 ಮಿಲಿಮೀಟರ್ ಸಾಲದು. 300ಕ್ಕೆ ಇಳಿಸಿಕೊಂಡರೆ ಎಂಟು. ಫೋಮ್ ಕತ್ತರಿಸುವ ಬಿಸಿತಂತಿ ಕರಗಿಸಿ ತಿನ್ನುವ ಒಂದು ಮಿಲಿಮೀಟರನ್ನೂ ಲೆಕ್ಕಕ್ಕೆ ಹಿಡಿದು ನಾನು ಎಲ್ಲವನ್ನೂ 298ಕ್ಕೆ ಕತ್ತರಿಸುತ್ತೇನೆ. ಹೊರ ಅಂಚಿನ ಚೌಕಗಳು ಕೂದಲೆಳೆಯಷ್ಟು ಚಿಕ್ಕವಾದರೂ, 25 ಮಿಲಿಮೀಟರಿನ ಹನ್ನೆರಡು ಚೌಕಗಳು ಪ್ರತಿ ಬದಿಗೂ ಕೂರುತ್ತವೆ. ಈ ಬಿಸಿತಂತಿಯ ಕಟರಿಗೆ ಬೇಕಾದ ನೈಕ್ರೋಮ್ ತಂತಿಯೂ 12 ವೋಲ್ಟ್ ಅಡಾಪ್ಟರೂ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತವೆ.

ನನ್ನ ಮೆಚ್ಚಿನ ಈ ಸಾಮಗ್ರಿಯೇ ನನ್ನನ್ನು ಎರಡು ತಿಂಗಳು ಕಾಡಿಸಿತು. ಜೋಡಿಸುವ ನೆಲದಲ್ಲಿ ಎಲ್ಲವೂ ನಿಂತಿರುವುದು ಎರಡು ಟೈಲುಗಳು ಕೂಡುವ ಅಂಚಿನಲ್ಲಿ. ಕಲ್ಲು ಎಷ್ಟೇ ಚೆನ್ನಾಗಿದ್ದರೂ ಅಂಚು ಎದ್ದರೆ ಅಲ್ಲಿ ನಿಲ್ಲಿಸಿದ ಮಿನಿಯೇಚರ್ ವಾಲುತ್ತದೆ, ನೆಲದ ಮೇಲೊಂದು ನೆರಳಗೆರೆ ಬೀಳುತ್ತದೆ, ಕಾಡು ಮಾಯವಾಗಿ ಹಲಗೆಗಳು ಕಾಣಿಸುತ್ತವೆ. ನನ್ನ ಮೊದಲ ಎಂಟು ಟೈಲುಗಳಿಗೆ ಫೋಮನ್ನು 10 ಮಿಲಿಮೀಟರಿಗೆ ಸೀಳಿ, ಗಟ್ಟಿಯಿರಲೆಂದು 3 ಮಿಲಿಮೀಟರ್ ಎಂಡಿಎಫ್ ಹಲಗೆಗೆ ಅಂಟಿಸಿ, ಮೇಲೆ ಫೆವಿಕಾಲ್ ಧಾರಾಳವಾಗಿ ಬಳಿದು ಮರಳು ಉದುರಿಸಿದ್ದೆ. ಅದು ಜುಲೈ ತಿಂಗಳು. ಮೂರನೆಯ ದಿನ ನೋಡಿದರೆ ಒಂದೊಂದು ಟೈಲೂ ಊಟದ ತಟ್ಟೆಯಂತೆ ಬಾಗಿ, ಮೂಲೆಗಳು ನಾಲ್ಕು ಮಿಲಿಮೀಟರ್ ಮೇಲೆದ್ದಿದ್ದವು.

ಕಾರಣ ಅರ್ಥವಾಗಲು ಸಮಯ ಹಿಡಿಯಿತು. ನೀರಿನಲ್ಲಿ ಕದಡಿದ ಅಂಟು ಒಣಗುವಾಗ ನೀರು ಬಿಟ್ಟು ಕುಗ್ಗುತ್ತದೆ, ಕುಗ್ಗುತ್ತ ತಾನು ಹಿಡಿದಿರುವ ಮೈಯನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಮೇಲ್ಮೈಯಲ್ಲಿ ಮಾತ್ರ ಅಂಟಿದ್ದರೆ ಎಳೆತ ಮೇಲಕ್ಕೇ; ಕೆಳಗಿನಿಂದ ಅದನ್ನು ತಡೆಯಲು ಏನೂ ಇಲ್ಲ. ಎಂಡಿಎಫ್ ಇದನ್ನು ಇನ್ನಷ್ಟು ಕೆಡಿಸಿತು. ಮರದ ನಾರಿನ ಆ ಹಲಗೆ ತೆರೆದಿದ್ದ ತಳಮೈಯಿಂದ ಮಳೆಗಾಲದ ತೇವವನ್ನು ಹೀರಿ ಕೆಳಗೆ ಹಿಗ್ಗಿತು, ಮೇಲೆ ಅಂಟು ಕುಗ್ಗಿತು, ಎರಡೂ ಸೇರಿ ಒಂದೇ ದಿಕ್ಕಿಗೆ ಬಾಗಿಸಿದವು. ತೂಕ ಹೇರಿದರೆ ಸರಿಹೋಗುತ್ತದೆಂದು ಅಕ್ಕಿಯ ಡಬ್ಬಿಗಳನ್ನು ಒಂದು ವಾರ ಇಟ್ಟೆ. ತೆಗೆದ ದಿನ ನೆಟ್ಟಗಿದ್ದ ಟೈಲು ಮರುದಿನ ಮತ್ತೆ ಬಾಗಿತು. ತಳಕ್ಕೆ ನೀರು ಸವರಿ ಒಣಗಿಸಿದ್ದರಿಂದ ಎರಡು ಟೈಲುಗಳು ಸುಧಾರಿಸಿದವು, ಒಂದರ ಹಲಗೆ ಪದರಪದರವಾಗಿ ಬಿಚ್ಚಿಕೊಂಡಿತು.

ಕೊನೆಗೆ ಫಲಿಸಿದ್ದು ಹೀಗೆ. ಫೋಮನ್ನು ಸೀಳದೆ 25 ಮಿಲಿಮೀಟರ್ ದಪ್ಪವನ್ನೇ ಉಳಿಸಿಕೊಂಡೆ. ದಪ್ಪ ಹೆಚ್ಚಿದಂತೆ ಬಾಗಿಸಲು ಬೇಕಾದ ಬಲ ಬಹಳ ವೇಗವಾಗಿ ಏರುತ್ತದೆ. ಹಲಗೆಯನ್ನು ಪೂರ್ತಿ ಕೈಬಿಟ್ಟೆ. ಫೆವಿಕಾಲ್ ಮತ್ತು ಕಪ್ಪು ಅಕ್ರಿಲಿಕ್ ಬಣ್ಣದ ಮಿಶ್ರಣವನ್ನು ಮೇಲೆ, ಕೆಳಗೆ ಮತ್ತು ನಾಲ್ಕೂ ಅಂಚುಗಳಿಗೆ ಒಂದೇ ದಿನ ತೆಳುವಾಗಿ ಬಳಿದು, ಟೈಲನ್ನು ಗಾಳಿ ಎರಡೂ ಕಡೆ ಆಡುವಂತೆ ತಂತಿಯ ಜಾಲರಿಯ ಮೇಲಿಟ್ಟು ಒಣಗಿಸಿದೆ. ಮರಳನ್ನು ಇಡೀ ಟೈಲಿಗೆ ಒಮ್ಮೆಗೇ ಹಾಕದೆ ತೇಪೆತೇಪೆಯಾಗಿ, ಒಂದು ಒಣಗಿದ ಮೇಲೆ ಇನ್ನೊಂದನ್ನು ಹಾಕಿದೆ. ಹೀಗೆ ಮಾಡಿದ ಎಂಟರಲ್ಲಿ ಯಾವುದೂ ಒಂದು ಮಿಲಿಮೀಟರ್ ಕೂಡ ಎದ್ದಿಲ್ಲ, ಅವು ಒಂದು ಪೂರ್ತಿ ಮಳೆಗಾಲವನ್ನು ದಾಟಿವೆ. ತಳಪಾಯ ಬೇಕೇ ಬೇಕೆನ್ನುವವರು ಫಲಕ ಬರೆಯುವವರ ಬಳಿ ಸಿಗುವ ಸನ್‌ಬೋರ್ಡ್ ಬಳಸಬಹುದು. ಅದು ಪಿವಿಸಿಯದ್ದಾದ್ದರಿಂದ ತೇವ ಹೀರುವುದಿಲ್ಲ. ಆದರೆ ಫೋಮಿಗೂ ಸನ್‌ಬೋರ್ಡಿಗೂ ನಡುವೆ ಸಿಕ್ಕ ಫೆವಿಕಾಲ್‌ನ ನೀರು ಹೊರಹೋಗಲು ದಾರಿಯಿಲ್ಲದೆ ದಿನಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಎಪಾಕ್ಸಿ ಬಳಸುವುದು ಲೇಸು.

ಅಂಚು ನೆಟ್ಟಗಾದ ಮೇಲೆ ಅದನ್ನು ಹಿಡಿದಿಡಲು ನಿಯೋಡಿಮಿಯಂ ಆಯಸ್ಕಾಂತಗಳನ್ನು ಹುದುಗಿಸಿದೆ. ಪ್ರತಿ ಅಂಚಿನಲ್ಲೂ ಮಧ್ಯದಿಂದ ಸಮದೂರದಲ್ಲಿ ಎರಡು. ಅಂಚನ್ನು ಹೊರಗಿನಿಂದ ನೋಡಿದಾಗ ಎಡಗಡೆಯದರ ಉತ್ತರ ಧ್ರುವ, ಬಲಗಡೆಯದರ ದಕ್ಷಿಣ ಧ್ರುವ ಹೊರಮುಖವಾಗಿರಬೇಕು. ಎದುರಿನ ಟೈಲಿನ ಎಡ ನಮ್ಮ ಬಲಕ್ಕೆ ಬರುವುದರಿಂದ, ಯಾವ ಟೈಲನ್ನು ಹೇಗೆ ತಿರುಗಿಸಿದರೂ ಒಂದನ್ನೊಂದು ಹಿಡಿಯುತ್ತವೆ. ಇವನ್ನು ಅಂಟಿಸಲು ಸೂಪರ್ ಗ್ಲೂ ಬಳಸಬಾರದು, ಅದು ಫೋಮನ್ನು ತಿನ್ನುತ್ತದೆ. ಸ್ಪ್ರೇ ಪೇಂಟಿನ ದ್ರಾವಕವೂ ಅಷ್ಟೇ.

ಹಸಿರಿಗೆ ಅಕ್ವೇರಿಯಂ ಅಂಗಡಿಯ ಪ್ಲಾಸ್ಟಿಕ್ ಗಿಡಗಳು ಸಾಕು. ಬಿಳಲುಗಳಿಗೆ ಸೆಣಬಿನ ಹುರಿಯನ್ನು ಬಿಚ್ಚಿ ಫೆವಿಕಾಲ್‌ನಲ್ಲಿ ಅದ್ದಿ ಗೋಡೆಯ ಮೇಲೆ ಇಳಿಬಿಟ್ಟರೆ ಗೋಪುರದ ಸಂದಿನಲ್ಲಿ ಹುಟ್ಟಿದ ಅರಳಿಯ ಬೇರಿನಂತೆ ಅಂಟಿಕೊಳ್ಳುತ್ತದೆ. ಮಣ್ಣಿಗೆ ಫಿಲ್ಟರ್ ಕಾಫಿಯ ಗಸಿ ಬಲು ಚೆನ್ನ, ಆದರೆ ಅದನ್ನು ಬಾಣಲೆಯಲ್ಲಿ ಪೂರ್ತಿ ಹುರಿದು ಒಣಗಿಸದಿದ್ದರೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಬಣ್ಣಕ್ಕಾಗಿ ನಾನು ಲಾಲ್‌ಬಾಗಿನ ಬಂಡೆಯ ಮುಂದೆ ಒಂದು ಬೆಳಗ್ಗೆ ಕುಳಿತು ನೋಡಿದೆ. ಆ ನೈಸ್ (gneiss) ಶಿಲೆ ಬರಿಯ ಬೂದು ಅಲ್ಲ, ಕಪ್ಪು ಬಿಳುಪಿನ ಪಟ್ಟೆಗಳ ನಡುವೆ ನಸುಗೆಂಪೂ ಇದೆ. ಅದನ್ನು ನೋಡಿದ ಮೇಲೆ ನನ್ನ ಗೋಡೆಗಳು ಸಿಮೆಂಟಿನಂತೆ ಕಾಣುವುದು ನಿಂತಿತು.

ಎಕ್ಸ್‌ಪಿಎಸ್ ಮಣ್ಣಿನಲ್ಲಿ ಕೊಳೆಯುವ ವಸ್ತುವಲ್ಲ, ಬಿಸಿತಂತಿ ತಾಗಿದಾಗ ಏಳುವ ಹೊಗೆ ಆರೋಗ್ಯಕ್ಕೆ ಒಳ್ಳೆಯದಲ್ಲ. ನಾನು ಕತ್ತರಿಸುವ ಕೆಲಸವನ್ನು ತಾರಸಿಯ ಮೇಲೆ ಮಾತ್ರ ಮಾಡುತ್ತೇನೆ, ಚೂರುಗಳನ್ನು ಎಸೆಯದೆ ಕಲ್ಲುಗುಪ್ಪೆಗಳಿಗೆ ಬಳಸುತ್ತೇನೆ. ತಾರಸಿಯಾಗಲಿ ಬಾಲ್ಕನಿಯಾಗಲಿ ಇಲ್ಲದ ಮನೆಯಲ್ಲಿ ಇರುವವರಿಗೆ ಚಾಕುವಿನಿಂದಲೇ ಕತ್ತರಿಸಿ ಎನ್ನುತ್ತೇನೆ, ನಿಧಾನವಾದರೂ ಆಗುತ್ತದೆ.

ಹಾಳೆ 480, ಫೆವಿಕಾಲ್ 300, ತಂತಿ ಮತ್ತು ಅಡಾಪ್ಟರ್ 450, ಅರವತ್ತನಾಲ್ಕು ಆಯಸ್ಕಾಂತಗಳಿಗೆ 640, ಬಣ್ಣಗಳಿಗೆ 700 ರೂಪಾಯಿ: ಎಂಟು ಟೈಲುಗಳಿಗೆ ನನಗೆ ತಗುಲಿದ್ದು ಒಟ್ಟು 2,570 ರೂಪಾಯಿ, ಅಂದರೆ ಒಂದೇ ಒಂದು ಪ್ರಿಂಟ್ ಟೈಲಿಗೆ ಕೊಟ್ಟದ್ದರ ಅರ್ಧದಷ್ಟು. ರಾತ್ರಿ ಮಕ್ಕಳು ಮಲಗಿದ ಮೇಲೆ ಸಿಗುವ ಒಂದು ಗಂಟೆಯಲ್ಲಿ ಸದ್ದಿಲ್ಲದೆ ಕೆತ್ತಬಹುದು, ಅರ್ಧಕ್ಕೆ ಬಿಟ್ಟು ಎದ್ದರೂ ಕೆಡುವುದಿಲ್ಲ. ಕಲಸಿದ ಪ್ಲಾಸ್ಟರ್ ಹಾಗೆ ಕಾಯುವುದಿಲ್ಲ. ಸ್ವಂತ ಪ್ರಿಂಟರ್ ಇರುವವರು, ಟೈಲುಗಳನ್ನು ಒಂದೇ ಮೇಜಿನ ಮೇಲೆ ಕಾಯಂ ಆಗಿ ಇಡುವವರು ಬೇರೆ ತೀರ್ಮಾನಕ್ಕೆ ಬರಬಹುದು. ಹೊತ್ತು ತಿರುಗುವ ನನಗೆ ಎಕ್ಸ್‌ಪಿಎಸ್ ಬಿಟ್ಟರೆ ಬೇರೆಯದಿಲ್ಲ.

ಮುಂದಿನ ಕೆಲಸ ಒಂದು ಕಲ್ಯಾಣಿ. ಮೆಟ್ಟಿಲುಗಳು ಕೆಳಗಿಳಿಯಲು 25 ಮಿಲಿಮೀಟರ್ ದಪ್ಪ ಸಾಲದಾದ್ದರಿಂದ ಅದಕ್ಕೆ 50 ಮಿಲಿಮೀಟರಿನ ಹಾಳೆಯನ್ನು ತಂದಿಟ್ಟಿದ್ದೇನೆ. ಕಲ್ಯಾಣಿಯ ಪಕ್ಕದ ಟೈಲುಗಳಿಗೆ ಅಡಿಯಿಂದ ಇನ್ನೊಂದು 25 ಮಿಲಿಮೀಟರ್ ಪದರ ಕೊಟ್ಟು, ನೆಲದ ಮಟ್ಟವನ್ನು ಅಂಚಿನಲ್ಲಿ ಸಮಗೊಳಿಸಬೇಕು.