ಕೊಡಗಿನ ಮಳೆಗೆ ಯಾವ ಫೋರ್ಕ್? ರೆಕಾನ್ ಸಿಲ್ವರ್ ಹಾಕಿ ಒಂದು ಕಕ್ಕಡ ಕಳೆದ ಮೇಲೆ

ನನ್ನ ಮೌಂಟನ್ ಸೈಕಲ್ಲಿನ ಹೊಸ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದು ಕುಲುಕು ನುಂಗುವ ಜೋಡಿ ಕಾಲು, ಚೆನ್ನಾಗಿದೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ರಾಕ್‌ಶಾಕ್ಸ್ ರೆಕಾನ್ ಸಿಲ್ವರ್ ಆರ್‌ಎಲ್, 100 ಮಿ.ಮೀ. ಟ್ರಾವೆಲ್ (ಅಂದರೆ ಫೋರ್ಕ್ ಕುಗ್ಗುವ ದೂರ), 29 ಇಂಚಿನ ಚಕ್ರಕ್ಕೆ. ಕಳೆದ ಹುತ್ತರಿ, ಅಂದರೆ ನಮ್ಮ ಸುಗ್ಗಿ ಹಬ್ಬದ ವಾರದಲ್ಲಿ ಹಾಕಿಸಿದೆ. ಒಂದು ಬೇಸಿಗೆ, ಒಂದು ಪೂರ್ತಿ ಮಳೆಗಾಲ ಅದರ ಮೇಲೆ ಕಳೆದಿದೆ, ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು.

ಫೋರ್ಕ್ ಬದಲಿಸುತ್ತೇನೆ ಅಂದರೆ ಎಲ್ಲರೂ ಕೇಳುವುದು ಒಂದೇ, ಎಷ್ಟು ಟ್ರಾವೆಲ್ ಎಂದು. ನಮ್ಮ ಕಡೆ ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಎರಡಿವೆ. ಅದು ನಿಮ್ಮ ಫ್ರೇಮಿಗೆ ಕೂರುತ್ತದಾ? ಜುಲೈ ತಿಂಗಳಲ್ಲಿ, ಮನೆ ಜಗಲಿಯಲ್ಲಿ ಕೂತು, ನೀವೇ ಅದನ್ನು ಬಿಚ್ಚಿ ಎಣ್ಣೆ ಬದಲಿಸಬಹುದಾ?

ನಾನು ಓಡಿಸುವುದು ಕಕ್ಕಬ್ಬೆ ಸುತ್ತಮುತ್ತ. ನಾಲ್ಕುನಾಡು ಅರಮನೆ ಕಡೆ ಹತ್ತುವ ರಸ್ತೆ, ಅದರ ಆಚೆ ಈಚೆ ಪರಿಚಯದವರ ತೋಟಗಳ ಜೀಪ್ ದಾರಿ. ತಡಿಯಂಡಮೋಳ್ ಬೆಟ್ಟದ ಬುಡದಲ್ಲೇ ಇರುವುದರಿಂದ ಮಳೆಗೆ ಬರವಿಲ್ಲ. ಬೇಸಿಗೆಯಲ್ಲಿ ಈ ದಾರಿಗಳು ಗಟ್ಟಿ ಕೆಂಪು ಮಣ್ಣು, ಮೇಲೆ ಸಿಲ್ವರ್ ಓಕ್ ತರಗೆಲೆ, ಎಲೆಯ ಕೆಳಗೆ ಕಾಣದ ಬೇರು. ಹೂಮಳೆ ಬಿದ್ದ ಮಾರನೇ ದಿನ ಬೆಳಿಗ್ಗೆ, ತೋಟವೆಲ್ಲ ಕಾಫಿ ಹೂವಿನ ವಾಸನೆ ಇರುವಾಗ, ಆ ಮಣ್ಣಿನ ಮೇಲೆ ಟೈರ್ ಕಚ್ಚಿಕೊಂಡು ಹೋಗುವ ಸುಖವೇ ಬೇರೆ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳಲ್ಲಿ, ಅದೇ ದಾರಿ ತೋಡಾಗಿರುತ್ತದೆ. ನೀರು ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗಿ ಬರೀ ಕಲ್ಲು ಉಳಿದಿರುತ್ತದೆ. ಇಂಬಳದ (ಜಿಗಣೆಯ) ವಿಷಯ ಇಲ್ಲಿಯವರಿಗೆ ಹೇಳಬೇಕಿಲ್ಲ.

ಸೈಕಲ್ ಜೊತೆ ಬಂದಿದ್ದು ಕಾಯಿಲ್ ಫೋರ್ಕ್. ಒಳಗೆ ಸ್ಪ್ರಿಂಗ್ ಇತ್ತು, ಅದು ವಾಪಸ್ ಬರುವ ವೇಗವನ್ನು ಹಿಡಿಯುವ ರೀಬೌಂಡ್ ಇರಲಿಲ್ಲ. ಕಲ್ಲಿಗೆ ಹೊಡೆದರೆ ಕೆಳಗೆ ಹೋಗಿ ಅಷ್ಟೇ ಜೋರಾಗಿ ಎಗರುತ್ತಿತ್ತು. ಇಳಿಜಾರಿನಲ್ಲಿ ಸಾಲಾಗಿ ನಾಲ್ಕು ಬೇರು ಸಿಕ್ಕಿದರೆ ಮುಂದಿನ ಚಕ್ರ ನೆಲ ಮುಟ್ಟುತ್ತಲೇ ಇರಲಿಲ್ಲ. ಎರಡನೇ ಮಳೆಗಾಲಕ್ಕೆ ಸ್ಟಾಂಚಿಯನ್ ಮೇಲೆ, ಅಂದರೆ ಒಳಗೆ ಹೊರಗೆ ಜಾರುವ ಆ ಹೊಳೆಯುವ ಕೊಳವೆ ಮೇಲೆ, ತುಕ್ಕಿನ ಚುಕ್ಕಿ ಬಂತು. ಚುಕ್ಕಿ ಸೀಲನ್ನು ಕೊರೆಯಿತು. ಸೀಲ್ ಹೋದ ಮೇಲೆ ಕೆಸರು ಒಳಗೆ. ಹಾಗೇ ನಿಧಾನಕ್ಕೆ ಸತ್ತಿತು.

ಹೊಸದಕ್ಕೆ ಇಟ್ಟುಕೊಂಡ ಬಜೆಟ್ 25 ಸಾವಿರ, ಬಿಡಿಭಾಗ ಮತ್ತು ಕೂಲಿ ಸೇರಿ. ಫಾಕ್ಸ್ 34 ತುಂಬಾ ಒಳ್ಳೆಯ ಫೋರ್ಕ್, ಆದರೆ ನನ್ನಂಥ ಸೈಕಲ್ಲಿಗೆ ಅದನ್ನು ಹಾಕಿದರೆ ಮನೆಗಿಂತ ಗೇಟಿಗೆ ಜಾಸ್ತಿ ಖರ್ಚು ಮಾಡಿದ ಹಾಗೆ. ಕೊನೆಗೆ ಉಳಿದಿದ್ದು ಮೂರು. ಸನ್‌ಟೂರ್ ಎಕ್ಸ್‌ಸಿಆರ್ ಏರ್, ರಾಕ್‌ಶಾಕ್ಸ್ ಜೂಡಿ ಸಿಲ್ವರ್ ಟಿಕೆ, ರೆಕಾನ್ ಸಿಲ್ವರ್ ಆರ್‌ಎಲ್. ಮೂರೂ ಗಾಳಿ ಫೋರ್ಕ್, ಸವಾರನ ತೂಕಕ್ಕೆ ತಕ್ಕಂತೆ ಗಾಳಿ ತುಂಬಿದರೆ ಆಯಿತು. ಕಾಯಿಲ್‌ನಲ್ಲಿ ಹಾಗಲ್ಲ, ತೂಕ ಸರಿಹೋಗದಿದ್ದರೆ ಸ್ಪ್ರಿಂಗನ್ನೇ ಬದಲಿಸಬೇಕು, ಅದನ್ನು ಇಲ್ಲಿ ಎಲ್ಲಿ ಹುಡುಕುವುದು?

ಸನ್‌ಟೂರ್‌ನಲ್ಲಿ ನನಗೆ ಹಿಡಿಸಿದ್ದು ಅದರ ಸರಳತನ. ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ ಮುಚ್ಚುವಷ್ಟು ಸುಲಭ ಮಾಡಲು ಅವರು ಯೋಚಿಸಿದ್ದಾರೆ. ಅದನ್ನು ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ, ಲಾಕೌಟ್ (ಫೋರ್ಕ್ ಕುಗ್ಗದ ಹಾಗೆ ಬಿಗಿಯುವ ವ್ಯವಸ್ಥೆ) ಇದೆ ಎಂದ ಮಾತ್ರಕ್ಕೆ ರೀಬೌಂಡ್ ಇದೆ ಎಂದಲ್ಲ. ಎರಡೂ ಬೇರೆ ಬೇರೆ ನಾಬ್. ಲಾಕೌಟ್ ಇಲ್ಲದೆ ನಾನು ಇರಬಲ್ಲೆ, ರೀಬೌಂಡ್ ಇಲ್ಲದೆ ಇನ್ನೊಂದು ಮಳೆಗಾಲ ಬೇಡವೇ ಬೇಡ. ಜೂಡಿಯಲ್ಲಿ ರೀಬೌಂಡ್ ಇದೆ. ಅದರ ಸ್ಟಾಂಚಿಯನ್ ದಪ್ಪ 30 ಮಿ.ಮೀ., ರೆಕಾನ್‌ದು 32. ಎರಡು ಮಿಲಿಮೀಟರ್ ಕೇಳಲು ಏನೂ ಅಲ್ಲ ಅನಿಸುತ್ತದೆ, ಅಲ್ವಾ? ಆದರೆ ಕಲ್ಲಿನ ಸಂದಿಯಲ್ಲಿ ಬ್ರೇಕ್ ಹಿಡಿದು ತಿರುಗಿಸುವಾಗ ಫೋರ್ಕ್ ತಿರುಚಿಕೊಳ್ಳುವುದು ದಪ್ಪ ಕಾಲಿನಲ್ಲಿ ಕಡಿಮೆ. ಅದಕ್ಕೇ ರೆಕಾನ್. ಸ್ಟಾಂಚಿಯನ್ ಸ್ಟೀಲ್, ಹಾಗಾಗಿ ಹಗುರ ಫೋರ್ಕ್ ಹುಡುಕುವವರಿಗೆ ಇದು ಅಲ್ಲ.

ಇನ್ನು ಫಿಟ್ಟಿಂಗ್ ವಿಷಯ. ಇದನ್ನು ದಯವಿಟ್ಟು ನಿಧಾನಕ್ಕೆ ಓದಿ, ಏಕೆಂದರೆ ಇಲ್ಲೇ ನನ್ನ ದುಡ್ಡು ಮತ್ತು ಮೂರು ವಾರ ಹೋಯಿತು. ಒಂದು ದೊಡ್ಡ ಊರಿನ ಅಂಗಡಿಗೆ ಫೋನ್ ಮಾಡಿ, ನನ್ನದು 29ರ ಹಾರ್ಡ್‌ಟೇಲ್, ಅಂದರೆ ಹಿಂದೆ ಸಸ್ಪೆನ್ಷನ್ ಇಲ್ಲದ ಸೈಕಲ್, ಎಂದೆ. "ಎಲ್ಲಾ ಕೂರುತ್ತೆ ಸಾರ್" ಎಂದರು. ಪೆಟ್ಟಿಗೆ ಬಿಚ್ಚಿ ನೋಡಿದರೆ ಟೇಪರ್ಡ್ ಸ್ಟೀರರ್ (ಫೋರ್ಕಿನಿಂದ ಮೇಲೆದ್ದು ಫ್ರೇಮಿನೊಳಗೆ ಹೋಗುವ ಕೊಳವೆ), ಬೂಸ್ಟ್ ಆಕ್ಸೆಲ್. ನನ್ನ ಸೈಕಲ್ಲಿನದು ನೇರ ಸ್ಟೀರರ್, ಮೇಲೂ ಕೆಳಗೂ ಒಂದೇ ದಪ್ಪ, 1 1/8 ಇಂಚು, ಅಂದರೆ 28.6 ಮಿ.ಮೀ. ಟೇಪರ್ಡ್‌ನಲ್ಲಿ ಬುಡ ಒಂದೂವರೆ ಇಂಚು. ನನ್ನ ಚಕ್ರದ ಹಬ್, ಅಂದರೆ ನಡುವಿನ ಗುಂಬ, 100 ಮಿ.ಮೀ. ಅಗಲ, 9 ಮಿ.ಮೀ. ಕ್ವಿಕ್ ರಿಲೀಸ್ (ಲಿವರ್ ತಿರುಗಿಸಿ ಬಿಚ್ಚುವ ಆಕ್ಸೆಲ್). ಬೂಸ್ಟ್ ಅಂದರೆ 110 ಅಗಲ, 15 ಮಿ.ಮೀ. ಆಕ್ಸೆಲ್. ಚಕ್ರವೇ ಕೂರುವುದಿಲ್ಲ. ವಾಪಸ್ ಕಳಿಸುವ ಖರ್ಚೂ ನನ್ನ ತಲೆಗೇ ಬಂತು. ಫ್ರೇಮಿನ ಅಳತೆ ಕೇಳದೆ ಫೋರ್ಕ್ ಮಾರುವುದು ಸರಿಯಲ್ಲ, ಇವತ್ತಿಗೂ ನನಗೆ ಅದರ ಬಗ್ಗೆ ಬೇಸರ ಇದೆ.

ಹಾಗಾಗಿ ಕೊಳ್ಳುವ ಮುಂಚೆ ಒಂದು ವರ್ನಿಯರ್ ಕ್ಯಾಲಿಪರ್ ತೆಗೆದುಕೊಂಡು ಕೂತುಕೊಳ್ಳಿ. ಸ್ಟೀರರ್ ದಪ್ಪ ಮೇಲೆ ಎಷ್ಟು, ಕೆಳಗೆ ಎಷ್ಟು. ಹಬ್ ಅಗಲ ಎಷ್ಟು, ಆಕ್ಸೆಲ್ ಯಾವುದು. ಹೆಡ್ ಟ್ಯೂಬಿನ, ಅಂದರೆ ಸ್ಟೀರರ್ ಹಾದುಹೋಗುವ ಫ್ರೇಮಿನ ಮುಂದಿನ ಕೊಳವೆಯ, ಒಳಗಿನ ಅಳತೆ 44 ಮಿ.ಮೀ. ಇದ್ದರೆ, ಕೆಳಗಡೆ ಹೊರಗೆ ಕೂರುವ ಕಪ್ ಹಾಕಿ ಟೇಪರ್ಡ್ ಫೋರ್ಕ್ ಕೂರಿಸುವ ದಾರಿ ಇದೆ, ಆದರೆ ಆ ಕಪ್ ಸೈಕಲ್ಲಿನ ಮುಂಭಾಗವನ್ನು ಒಂದಿಷ್ಟು ಎತ್ತುತ್ತದೆ. 34 ಇದ್ದರೆ ನೇರ ಸ್ಟೀರರ್ ಬಿಟ್ಟು ಬೇರೆ ಯೋಚನೆ ಬೇಡ. ಪುಣ್ಯಕ್ಕೆ ರೆಕಾನ್ ಸಿಲ್ವರ್ ನೇರ ಸ್ಟೀರರ್ ಮತ್ತು 9 ಮಿ.ಮೀ. ಕ್ವಿಕ್ ರಿಲೀಸ್‌ನಲ್ಲೂ ಬರುತ್ತದೆ, ಕೇಳಿ ತರಿಸಬೇಕು ಅಷ್ಟೇ.

100ರ ಜಾಗಕ್ಕೆ 120 ಹಾಕಿಸು, ಇಳಿಜಾರಿಗೆ ಒಳ್ಳೆಯದು ಎಂದು ಗೆಳೆಯರು ಹೇಳಿದರು. ಟ್ರಾವೆಲ್ 20 ಮಿ.ಮೀ. ಜಾಸ್ತಿಯಾದರೆ ಹೆಡ್ ಆಂಗಲ್ (ಹೆಡ್ ಟ್ಯೂಬಿನ ಓರೆ) ಸುಮಾರು ಒಂದು ಡಿಗ್ರಿ ಮಲಗುತ್ತದೆ. ಇಳಿಯುವಾಗ ಧೈರ್ಯ ಬರುತ್ತದೆ ನಿಜ, ಆದರೆ ಹತ್ತುವಾಗ ಮುಂದಿನ ಚಕ್ರ ಅಲೆದಾಡುತ್ತದೆ, ಮತ್ತು 100ಕ್ಕೆಂದು ಮಾಡಿದ ಫ್ರೇಮಿನ ಮೇಲೆ ಜಾಸ್ತಿ ಭಾರ ಬೀಳುತ್ತದೆ. ನಮ್ಮ ದಾರಿಯಲ್ಲಿ ಇಳಿದಷ್ಟೇ ಹತ್ತಬೇಕು. ನಾನು 100ಕ್ಕೇ ನಿಂತೆ.

ಕೂರಿಸಿದ್ದು ಮೈಸೂರಿನ ಒಬ್ಬ ಮೆಕ್ಯಾನಿಕ್. ಹಳೆಯ ಸ್ಟೀರರ್ ಪಕ್ಕ ಹೊಸದನ್ನು ಇಟ್ಟು ಎರಡು ಸಲ ಅಳೆದು, ಹ್ಯಾಂಡಲ್ ಕೆಳಗಿನ ಸ್ಪೇಸರ್ ಉಂಗುರಕ್ಕೆ ಒಂದು ಸೆಂಟಿಮೀಟರ್ ಜಾಸ್ತಿ ಬಿಟ್ಟು ಕತ್ತರಿಸಿದರು. ಸ್ಟೀರರ್ ಬುಡದ ಬೇರಿಂಗ್ ಕೂರುವ ಕ್ರೌನ್ ರೇಸ್ ಹೊಸದು ಹಾಕಿದರು. ಹೆಡ್‌ಸೆಟ್ (ಸ್ಟೀರರ್ ತಿರುಗುವ ಬೇರಿಂಗ್ ಜೋಡಿ) ಹಳೆಯದೇ ಸಾಕಾಯಿತು. ಬ್ರೇಕ್ ಕೂರುವ ಜಾಗ ಪೋಸ್ಟ್ ಮೌಂಟ್ ಬಗೆಯದು, ನನ್ನ 160 ಮಿ.ಮೀ. ರೋಟರ್ (ಬ್ರೇಕ್ ಡಿಸ್ಕ್) ಹಾಗೇ ಕೂತಿತು.

ಈಗ ಓಡಿಸಿದ ಅನುಭವ. ಮೊದಲ ವಾರ ಇಷ್ಟವಾಗಲಿಲ್ಲ, ಗಟ್ಟಿ ಅನಿಸಿತು. ತಪ್ಪು ಗಾಳಿಯದು. ಟೈರ್ ಪಂಪಿನಿಂದ ಇದಕ್ಕೆ ತುಂಬಲು ಹೋಗಬೇಡಿ, ಒಳಗಿನ ಜಾಗ ಬಹಳ ಚಿಕ್ಕದು, ಒಂದು ಒತ್ತಿಗೇ ಲೆಕ್ಕ ತಪ್ಪುತ್ತದೆ. ಶಾಕ್ ಪಂಪ್ ಬೇಕೇ ಬೇಕು, ಅದನ್ನೂ ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ. ಸ್ಟಾಂಚಿಯನ್ನಿಗೆ ಒಂದು ರಬ್ಬರ್ ರಿಂಗ್ ಹಾಕಿ, ಬೆನ್ನಿನ ಚೀಲ, ನೀರು ಎಲ್ಲ ಹೊತ್ತು, ಸೈಕಲ್ ಮೇಲೆ ನಿಂತು, ಕುಪ್ಪಳಿಸದೆ ಮೆಲ್ಲಗೆ ಇಳಿಯಿರಿ. ರಿಂಗ್ 20 ಮಿ.ಮೀ. ಮೇಲೆ ಸರಿದಿದ್ದರೆ ಸ್ಯಾಗ್, ಅಂದರೆ ನಿಮ್ಮ ಭಾರಕ್ಕೇ ಫೋರ್ಕ್ ಕುಗ್ಗುವುದು, ಶೇಕಡಾ 20. ನನಗೆ ಅದು ಸರಿಯಾಯಿತು. ಆಮೇಲೆ ಕೆಂಪು ನಾಬ್, ಅದೇ ರೀಬೌಂಡ್. ಒಂದೇ ಇಳಿಜಾರನ್ನು ಮತ್ತೆ ಮತ್ತೆ ಇಳಿದು, ಪ್ರತಿ ಸಲ ಒಂದೊಂದು ಕ್ಲಿಕ್ ತಿರುಗಿಸಿ ನೋಡಿದೆ. ತೀರಾ ನಿಧಾನ ಮಾಡಿದರೆ ಒಂದು ಬೇರು ದಾಟಿ ಮೇಲೆ ಬರುವಷ್ಟರಲ್ಲಿ ಮುಂದಿನ ಬೇರು ಬಂದು, ಫೋರ್ಕ್ ಕೆಳಗೇ ಉಳಿದುಬಿಡುತ್ತದೆ. ತೀರಾ ವೇಗ ಮಾಡಿದರೆ ಹಳೆಯ ಕಥೆ.

ಸರಿಯಾದ ದಿನ ನನಗೆ ಗೊತ್ತಾಯಿತು. ತೋಟದ ಕಾರ್ಮಿಕರ ಲೈನ್ ಮನೆಗಳ ಹಿಂದೆ ಹಲಸಿನ ಮರದ ಬೇರು ಮೆಟ್ಟಿಲಿನ ಹಾಗೆ ಇರುವ ಒಂದು ಇಳಿಜಾರಿದೆ. ಮೂರು ವರ್ಷ ಅಲ್ಲಿ ಇಳಿದು ತಳ್ಳಿಕೊಂಡು ಹೋಗುತ್ತಿದ್ದೆ. ಅವತ್ತು ಚಕ್ರ ಬೇರನ್ನು ಒಂದೊಂದಾಗಿ ಮುಟ್ಟಿಕೊಂಡು, ನೆಲ ಬಿಡದೆ ಇಳಿಯಿತು. ಕೆಳಗೆ ನಿಂತು ಸುಮ್ನೆ ತಿರುಗಿ ನೋಡಿದೆ.

ಮಳೆಗಾಲದ ಲೆಕ್ಕ ಬೇರೆ. ಕೆಳಗಿನ ಕಾಲನ್ನು 50 ಗಂಟೆಗೊಮ್ಮೆ, ಡ್ಯಾಂಪರ್ (ರೀಬೌಂಡ್ ಹಿಡಿಯುವ ಒಳಭಾಗ) ಮತ್ತು ಗಾಳಿ ಭಾಗವನ್ನು 200 ಗಂಟೆಗೊಮ್ಮೆ ಸರ್ವಿಸ್ ಮಾಡಿ ಎನ್ನುತ್ತದೆ ಕಂಪನಿ. ನಮ್ಮ ಜೂನ್‌ನಿಂದ ಸೆಪ್ಟೆಂಬರ್‌ಗೆ ನಾನು 50 ಕಾಯುವುದಿಲ್ಲ, 25ಕ್ಕೇ ಬಿಚ್ಚುತ್ತೇನೆ. ಮೊದಲು ಗಾಳಿ ಬಿಡಬೇಕು. ಕೆಳಗಿನ ಎರಡು ಬೋಲ್ಟ್ ಸಡಿಲಿಸಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಾಲನ್ನು ಎಳೆದರೆ ಹಳೆಯ ಎಣ್ಣೆ ಬರುತ್ತದೆ. ಆಗಸ್ಟ್‌ನಲ್ಲಿ ನನ್ನದು ಚಹಾದ ಬಣ್ಣಕ್ಕೆ ತಿರುಗಿತ್ತು. ಒಳಗೆ ಒರೆಸಿ, ಫೋಮ್ ರಿಂಗನ್ನು ಹೊಸ ಎಣ್ಣೆಯಲ್ಲಿ ನೆನೆಸಿ, ಹೇಳಿದ ಅಳತೆಯ ಎಣ್ಣೆ ಹಾಕಿ ಮುಚ್ಚಿದರೆ ಮುಗಿಯಿತು. ಒಂದು ಸಂಜೆಯ ಕೆಲಸ. ಜೀಪ್ ತೊಳೆಯುವ ಪ್ರೆಶರ್ ಪಂಪನ್ನು ಮಾತ್ರ ಸೀಲ್ ಹತ್ತಿರ ಹಿಡಿಯಬೇಡಿ, ನೀರು ಒಳಗೆ ನುಗ್ಗುತ್ತದೆ. ಬಕೆಟ್, ಮಗ್, ಹಳೆಯ ಬನಿಯನ್ ಬಟ್ಟೆ ಸಾಕು.

ಬಿಡಿಭಾಗದಲ್ಲಿ ಒಂದನ್ನು ಹೇಳಲೇಬೇಕು. ಕೆಸರಿಗೆ ರೆಸಿನ್ ಬ್ರೇಕ್ ಪ್ಯಾಡ್ ಬೇಗ ಸವೆಯುತ್ತದೆ, ಮೆಟಲ್ ಪ್ಯಾಡ್ ಬಾಳಿಕೆ ಬರುತ್ತದೆ. ಆದರೆ ಶಿಮಾನೊ ಕಡಿಮೆ ಬೆಲೆಯ ರೋಟರ್‌ಗಳ ಮೇಲೆ "ರೆಸಿನ್ ಪ್ಯಾಡ್ ಓನ್ಲಿ" ಎಂದು ಕೆತ್ತಿರುತ್ತಾರೆ, ಓದಿ ನೋಡಿ. ಹಾಗಿದ್ದರೆ ಪ್ಯಾಡ್ ಜೊತೆ ರೋಟರನ್ನೂ ಬದಲಿಸಬೇಕು. ಇನ್ನು ಫೋರ್ಕಿಗೆ ಕಟ್ಟುವ ಪುಟ್ಟ ಪ್ಲಾಸ್ಟಿಕ್ ಮಡ್‌ಗಾರ್ಡ್. ಕಣ್ಣಿಗೆ ಕೆಸರು ಹಾರದ ಹಾಗೆ ತಡೆಯುವುದರ ಜೊತೆಗೆ ಸೀಲನ್ನೂ ಕಾಯುತ್ತದೆ, ಕೊಟ್ಟ ದುಡ್ಡಿಗೆ ಇಷ್ಟು ಕೆಲಸ ಮಾಡುವ ಬೇರೆ ವಸ್ತು ನನ್ನ ಸೈಕಲ್ಲಿನಲ್ಲಿಲ್ಲ.

ಮಡಿಕೇರಿ, ಕುಶಾಲನಗರದ ಟಾರ್ ರಸ್ತೆಯಲ್ಲೇ ಓಡಿಸುವವರಿಗೆ ಈ ಫೋರ್ಕ್ ಬೇಡ, ಆ ದುಡ್ಡನ್ನು ಒಳ್ಳೆಯ ಟೈರಿಗೆ ಹಾಕಿ. ನೇರ ಸ್ಟೀರರಿನ ಹಳೆಯ ಹಾರ್ಡ್‌ಟೇಲ್ ಇಟ್ಟುಕೊಂಡು ತೋಟದ ದಾರಿ ಹಿಡಿಯುವವರಿಗೆ ಕಣ್ಣು ಮುಚ್ಚಿ ಹೇಳುತ್ತೇನೆ. ಕಕ್ಕಬ್ಬೆ ಕಡೆ ಬಂದರೆ ಶಾಕ್ ಪಂಪ್ ನನ್ನ ಹತ್ತಿರ ಇದೆ, ಹಲಸಿನ ಬೇರಿನ ಇಳಿಜಾರನ್ನೂ ತೋರಿಸುತ್ತೇನೆ. ಹಗಲಿನಲ್ಲೇ ಬನ್ನಿ, ಸಂಜೆ ಐದರ ಮೇಲೆ ಆ ದಾರಿ ಆನೆಗಳದ್ದು.