ಗುಳ್ಳೆ ಕಾಯಿಲೆಗೆ 'ಸರ್ಪದೋಷದ ಪುಡಿ' ಕೊಡುವವನಿದ್ದಾನೆ, ಹುಷಾರು

ಮಂಡ್ಯ, ಮೈಸೂರಿನ ಕಡೆಯವರು ದಯವಿಟ್ಟು ಓದಿ. ಮೈಮೇಲೆ ಸಡಿಲವಾದ ನೀರುಗುಳ್ಳೆ ಎದ್ದು, ಒಡೆದು, ಚರ್ಮ ಸುಲಿದು ಬರುವ ಪೆಂಫಿಗಸ್ ಅನ್ನೋ ಕಾಯಿಲೆಗೆ 'ಸರ್ಪದೋಷದ ಪುಡಿ' ಕೊಟ್ಟು ನಮ್ಮ ಮನೆಯವರಿಗೆಲ್ಲ ಮಂಕುಬೂದಿ ಎರಚಿದ ಒಬ್ಬನ ಕತೆ ಇದು. ಸಂತೆ ದಿನ ಬರ್ತಾನೆ. ಬೋರ್ಡಿಲ್ಲ, ಬಿಲ್ಲಿಲ್ಲ. ಪೇಪರ್ ಪೊಟ್ಟಣದಲ್ಲಿ ಕಂದು ಪುಡಿ, ಜೇನುತುಪ್ಪದಲ್ಲಿ ಎರಡು ಹೊತ್ತು.

ಹೊಟ್ಟೆ ಉರಿಯೋದು ಯಾಕೆ ಅಂದ್ರೆ, ಪುಡಿ ಕೆಲಸ ಮಾಡ್ತು! ದೊಡ್ಡಮ್ಮನ ಮೈಮೇಲೆ ಹೊಸ ಗುಳ್ಳೆ ಏಳೋದು ನಿಂತಿತು, ಬಾಯಿಹುಣ್ಣು ಒಣಗಿ ಊಟ ಸೇರಿತು. ಆಮೇಲೆ ಹಸಿವೋ ಹಸಿವು, ಮುಖ ಗುಂಡಗೆ ಊದಿತು, ಇಲ್ಲದ ಶುಗರ್ ಬಂತು. ಕೇಳಿದ್ರೆ "ರಕ್ತ ತುಂಬ್ಕತಾ ಅದೆ ಕಣವ್ವ, ಒಳ್ಳೇದೇ ಬುಡಿ" ಅಂದ.

ಒಂದು ಪೊಟ್ಟಣದಲ್ಲಿ ಬಿಳಿ ಚೂರು ಸಿಕ್ಕಿತು. ಮೆತ್ತಿದ್ದ ಪುಡಿ ಉಗುರಲ್ಲಿ ಕೆರೆದು ನೋಡಿದ್ರೆ ಒಂದಂಚು ದುಂಡಗೆ, ಇನ್ನೊಂದು ಮುರಿದದ್ದು, ಮೇಲೆ ನೇರ ಗೀಟು. ಸರಿಯಾಗಿ ಅರೆಯದ ಮಾತ್ರೆ! ಅವನ ಮುಂದಿಟ್ಟೆವು. "ಶಂಖದ ಭಸ್ಮ, ಗಟ್ಟಿಯಾಗದೆ." ಭಸ್ಮಕ್ಕೆ ಗೀಟು ಹಾಕಿದೋರು ಯಾರಪ್ಪಾ? "ನಂಬ್ಕೆ ಇಲ್ದಿದ್ರೆ ನಿಲ್ಲಿಸ್ಬುಡಿ."

ಈ 'ನಿಲ್ಲಿಸ್ಬುಡಿ' ಇದೆಯಲ್ಲ, ಪ್ರಾಣಕ್ಕೆ ಬರೋದು ಅದೇ. ಯಾಕಂದ್ರೆ ಪುಡಿಯಲ್ಲಿ ಅರೆದು ಹಾಕಿದ್ದು ಸ್ಟೀರಾಯ್ಡ್ ಮಾತ್ರೆ. ಸ್ಟೀರಾಯ್ಡ್ ವಾರಗಟ್ಟಲೆ ಹೊರಗಿಂದ ಹೋದರೆ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ ತನ್ನ ಕಾರ್ಟಿಸಾಲ್ (ಮೈಯೇ ಮಾಡಿಕೊಳ್ಳುವ ಸ್ಟೀರಾಯ್ಡ್) ತಯಾರಿಸೋದನ್ನೇ ಬಿಡುತ್ತೆ. ಒಮ್ಮೆಲೇ ನಿಲ್ಲಿಸಿದ್ರೆ ವಾಂತಿ, ಸುಸ್ತು, ಬಿಪಿ ಕುಸಿತ. ಹಾಗೇ ಆಯ್ತು. ತುರ್ತು ವಿಭಾಗಕ್ಕೆ ಹೊತ್ತುಕೊಂಡು ಹೋಗಬೇಕಾಯ್ತು, ಬೆಳಗಿನ ಕಾರ್ಟಿಸಾಲ್ ನೆಲ ಕಚ್ಚಿತ್ತು. ಗುಳ್ಳೆಗಳು ಮೊದಲಿಗಿಂತ ಜಾಸ್ತಿಯಾಗಿ ತಿರುಗಿ ಬಂದವು. ಫೋನ್ ಮಾಡಿದ್ರೆ ಆ ಮಹಾನುಭಾವ, "ಬದ್ನೆಕಾಯ್ ತಿಂದಿರ್ಬೇಕು, ಪಥ್ಯ ಕೆಡಿಸ್ಕಂಡ್ರಿ." ಬದನೆಕಾಯಿಯಂತೆ!

ಇದು ಸರ್ಪಸುತ್ತೂ ಅಲ್ಲ, ದೋಷವೂ ಅಲ್ಲ. ಸರ್ಪಸುತ್ತು ಸಾಮಾನ್ಯವಾಗಿ ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಎದ್ದು 2-4 ವಾರದಲ್ಲಿ ತಾನೇ ಆರುತ್ತೆ, ಅದಕ್ಕೇ ಕೆಮ್ಮಣ್ಣು ಬಳಿದವರಿಗೆಲ್ಲ ಹೆಸರು ಬರೋದು. ಪೆಂಫಿಗಸ್‌ನಲ್ಲಿ ಚರ್ಮದ ಜೀವಕೋಶಗಳನ್ನು ಅಂಟಿಸಿಡುವ ಡೆಸ್ಮೋಗ್ಲೀನ್ ಪ್ರೋಟೀನಿನ ಮೇಲೆ ನಮ್ಮದೇ ರೋಗನಿರೋಧಕ ಶಕ್ತಿ ದಾಳಿ ಮಾಡುತ್ತೆ. ಎಷ್ಟೋ ಜನಕ್ಕೆ ಶುರುವಾಗೋದೇ ವಾಸಿಯಾಗದ ಬಾಯಿಹುಣ್ಣಿನಿಂದ. ಮುಟ್ಟಿದ್ರೆ ಅಂಟಲ್ಲ.

ಕಾಯಿಲೆ ಖಚಿತ ಮಾಡೋಕೆ ಬಯಾಪ್ಸಿ, ಅಂದ್ರೆ ಚರ್ಮದ ಚೂರು ತೆಗೆದು ನೋಡೋ ಪರೀಕ್ಷೆ. ಅದಕ್ಕೆ ಎರಡು ಚೂರು ಬೇಕು. ಹೊಸ ಗುಳ್ಳೆಯ ಅಂಚಿನದು, ಚೂರು ಕೆಡದಂತೆ ಇಡುವ ಫಾರ್ಮಲಿನ್‌ಗೆ. ಪಕ್ಕದ ಚೆನ್ನಾಗಿರುವ ಚರ್ಮದ್ದು, ದಾಳಿ ಮಾಡೋ ಪ್ರತಿಕಾಯಗಳನ್ನು ಹೊಳೆಯುವಂತೆ ತೋರಿಸೋ ಇಮ್ಯುನೋಫ್ಲೋರೆಸೆನ್ಸ್ ಪರೀಕ್ಷೆಗೆ, ಅದನ್ನು ಫಾರ್ಮಲಿನ್‌ಗೆ ಹಾಕಿದ್ರೆ ಪರೀಕ್ಷೆಯೇ ಕೆಡುತ್ತೆ. ಮೈಕಲ್ಸ್ ದ್ರಾವಣದಲ್ಲಿ ಕಳಿಸಬೇಕು. ಬಾಟಲಿ ಒಯ್ಯೋರು ನೀವೇ ಆದ್ರೆ ಕೇಳಿ ತಿಳ್ಕೊಳ್ಳಿ.

ವೈದ್ಯರು ಕೊಡೋದೂ ಸ್ಟೀರಾಯ್ಡೇ, ನಿಜ. ಆದ್ರೆ ತೂಕ ನೋಡಿ, ತೀವ್ರವಾಗಿದ್ರೆ ಕೆಜಿಗೆ ದಿನಕ್ಕೆ ಸುಮಾರು 1 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ನಿಂದ ಶುರುಮಾಡಿ, ಶುಗರ್, ಬಿಪಿ ನೋಡ್ತಾ, ಮೂಳೆಗೆ ಕ್ಯಾಲ್ಸಿಯಂ ಜೊತೆಗೆ ಕೊಟ್ಟು, ಮೆಲ್ಲಗೆ ಇಳಿಸ್ತಾರೆ. ರೋಗನಿರೋಧಕ ಶಕ್ತಿಯ ಈ ದಾಳಿ ತಗ್ಗಿಸೋ ರಿಟುಕ್ಸಿಮ್ಯಾಬ್ ಔಷಧಿ ಆದ್ರೆ ಸಾಮಾನ್ಯವಾಗಿ 1 ಗ್ರಾಂನ ಎರಡು ಡ್ರಿಪ್, ಎರಡು ವಾರ ಅಂತರದಲ್ಲಿ. ಅದಕ್ಕೆ ಮೊದಲು ಹೆಪಟೈಟಿಸ್ ಬಿ, ಟಿಬಿ ಪರೀಕ್ಷೆ ಆಗಲೇಬೇಕು, ಇಲ್ಲದಿದ್ರೆ ಅಡಗಿದ್ದ ಸೋಂಕು ಹೆಡೆ ಎತ್ತುತ್ತೆ. ಪೊಟ್ಟಣದಲ್ಲಿ ಎಷ್ಟು ಮಿಲಿಗ್ರಾಂ ಇತ್ತೋ ಅರೆದವನಿಗೇ ಗೊತ್ತಿಲ್ಲ!

ಸುಲಿದ ಜಾಗಕ್ಕೆ ಅರಿಶಿನ, ಕೆಮ್ಮಣ್ಣು ಮೆತ್ತಬೇಡಿ, ಒಣಗಿ ಚರ್ಮದ ಸಮೇತ ಕಿತ್ತು ಬರುತ್ತೆ. ಪ್ಲಾಸ್ಟರ್ ಟೇಪೂ ಬೇಡ. ವ್ಯಾಸಲೀನ್ ಹಚ್ಚಿದ ಗಾಜ್ ಇಟ್ಟು ಸಡಿಲವಾಗಿ ಬ್ಯಾಂಡೇಜ್ ಸುತ್ತಿ. ಬಾಯಿ ಉರಿಯುವಾಗ ತಣ್ಣನೆ ರಾಗಿ ಅಂಬಲಿ, ಖಾರ ಇಲ್ಲದೆ. ಜ್ವರ, ಕೀವು ಬಂದ್ರೆ ಕಾಯಬೇಡಿ.

ಇಂಥ ಪುಡಿ ಈಗಾಗಲೇ ತಿಂತಾ ಇದ್ರೆ ಮನೇಲೇ ನಿಲ್ಲಿಸಬೇಡಿ. ಮಿಕ್ಕ ಪೊಟ್ಟಣ ಸಮೇತ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಚರ್ಮರೋಗದವರ ಹತ್ರ ಇವತ್ತೇ ಹೋಗಿ, ಎಷ್ಟು ವಾರದಿಂದ ತಿಂತಿದ್ದೀರಿ ಅಂತ ಮುಚ್ಚಿಡದೆ ಹೇಳಿ. ದುಡ್ಡಿನ ಆಸೆ ಬಿಡಿ. ನಾವು ವಾಪಸ್ ಕೇಳಿದ್ದಕ್ಕೆ "ದ್ಯಾವ್ರ ಕಾಣ್ಕೆ ಯಾರಾದ್ರೂ ವಾಪಸ್ ಕೇಳ್ತಾರಾ?" ಅಂದು ಫೋನ್ ಇಟ್ಟ.